ಗೆಳೆಯರ ಜೊತೆ ಕೂತು ಆಲ್ಬಂ ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇದರಲ್ಲಿ ಮಾಡುವುದಾದರೂ ಏನು?

ನಾಲ್ಕಾರು ಗೆಳೆಯರು ಒಂದು ಕಡೆ ಸೇರುತ್ತೇವೆ. ಮೊದಲೇ ಆರಿಸಿಟ್ಟ ಒಂದು ಆಲ್ಬಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಮಾತಿಲ್ಲದೆ ಕೇಳುತ್ತೇವೆ. ಆಮೇಲೆ ಕೇಳಿದ್ದರ ಬಗ್ಗೆ ಮಾತಾಡುತ್ತೇವೆ. ಕೇಳುವುದಕ್ಕೆ ಮುಕ್ಕಾಲು ಗಂಟೆ, ಮಾತಿಗೆ ಒಂದು ಗಂಟೆ ಇಟ್ಟುಕೊಂಡರೆ ಹೆಚ್ಚಿನ ಆಲ್ಬಂಗಳಿಗೆ ಸಾಕಾಗುತ್ತದೆ.

ಒಬ್ಬರೇ ಕೇಳಿದರೆ ಸಾಲದೇ?

ಒಬ್ಬರೇ ಕೇಳುವುದರ ಸುಖ ಬೇರೆಯೇ ಇದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಒಬ್ಬೊಬ್ಬರ ಕಿವಿಗೂ ಅದರದೇ ಒಲವು ಇರುತ್ತದೆ. ಒಬ್ಬರ ಕಿವಿ ನೇರವಾಗಿ ಸಾಹಿತ್ಯಕ್ಕೆ ಹೋಗುತ್ತದೆ, ಇನ್ನೊಬ್ಬರದು ತಾಳಕ್ಕೆ, ಮತ್ತೊಬ್ಬರದು ಹಾಡುವವರ ಉಸಿರಿಗೆ. ವರ್ಷಗಟ್ಟಲೆ ಕೇಳಿ ಬಾಯಿಪಾಠವಾದ ಹಾಡಿನಲ್ಲೂ "ಎರಡನೇ ಚರಣಕ್ಕೆ ಹಿಂದೆ ಇನ್ನೊಂದು ದನಿ ಸೇರಿಕೊಳ್ಳುತ್ತಲ್ಲ" ಎಂದು ಪಕ್ಕದಲ್ಲಿದ್ದವರು ಹೇಳಿದ ಮೇಲೆ ಆ ದನಿ ನಮಗೂ ಕೇಳಿಸತೊಡಗುತ್ತದೆ. ಆಮೇಲೆ ಅದನ್ನು ಕೇಳಿಸಿಕೊಳ್ಳದೆ ಇರಲು ಆಗುವುದೇ ಇಲ್ಲ. ಗೆಳೆಯರ ಜೊತೆ ಕೂತು ಕೇಳುವುದರ ಅಸಲು ಲಾಭ ಇದೇ: ಇನ್ನೊಬ್ಬರ ಕಿವಿಯನ್ನು ಸ್ವಲ್ಪ ಹೊತ್ತು ಎರವಲು ಪಡೆಯುವುದು.

ಇನ್ನೊಂದು ಕಾರಣವೂ ಉಂಟು. ಒಬ್ಬರೇ ಇದ್ದಾಗ ಬೇಸರ ಬಂದ ಹಾಡನ್ನು ದಾಟಿಸಿಬಿಡುತ್ತೇವೆ. ಜೊತೆಯಲ್ಲಿ ನಾಲ್ಕು ಜನ ಇದ್ದರೆ ಹಾಗೆ ಮಾಡುವುದಿಲ್ಲ. ದಾಟಿಸಲು ಹೊರಟಿದ್ದ ಆ ಹಾಡೇ ಎಷ್ಟೋ ಸಲ ಆ ಸಂಜೆಯ ಮಾತಿನ ಮುಖ್ಯ ವಿಷಯವಾಗುತ್ತದೆ.

ಹೀಗೆ ಬೇರೆ ಕಡೆಯೂ ಮಾಡುತ್ತಾರಾ?

ಮಾಡುತ್ತಾರೆ. ಜಪಾನಿನಲ್ಲಿ ಜಾಝ್ ಕಿಸ್ಸಾ ಎಂಬ ಕೆಫೆಗಳಿವೆ. ಹೊರದೇಶದ ರೆಕಾರ್ಡುಗಳು ದುಬಾರಿಯಾಗಿದ್ದ ಕಾಲದಲ್ಲಿ ಜನ ಅಲ್ಲಿ ಸೇರಿ, ಒಳ್ಳೆಯ ಸ್ಪೀಕರುಗಳ ಮುಂದೆ ಮೌನವಾಗಿ ಕೂತು ಕೇಳುತ್ತಿದ್ದರು. ಲಂಡನ್ನಿನಲ್ಲಿ 2010ರಲ್ಲಿ ಕೊಲೀನ್ ಮರ್ಫಿ ಎಂಬ ಡೀಜೆ ಶುರು ಮಾಡಿದ 'ಕ್ಲಾಸಿಕ್ ಆಲ್ಬಂ ಸಂಡೇಸ್' ಕೂಟಗಳಲ್ಲಿ ಇಡೀ ರೆಕಾರ್ಡನ್ನು ತಡೆಯಿಲ್ಲದೆ ಕೇಳುವುದೇ ನಿಯಮ. 2020ರ ಲಾಕ್‌ಡೌನಿನಲ್ಲಿ ಟಿಮ್ ಬರ್ಜೆಸ್ ಎಂಬ ಗಾಯಕ ಟ್ವಿಟರಿನಲ್ಲಿ ಇಂಥದ್ದೇ ಕೂಟ ನಡೆಸಿದ. ಎಲ್ಲರೂ ಅವರವರ ಮನೆಯಲ್ಲೇ ಒಂದೇ ಹೊತ್ತಿಗೆ ಆಲ್ಬಂ ಹಾಕುವುದು, ಅದನ್ನು ಮಾಡಿದವರೇ ಹಾಡು ಹಾಡಿಗೂ ಅದರ ಹಿಂದಿನ ಕತೆ ಬರೆಯುವುದು.

ಇಡೀ ಆಲ್ಬಂ ಯಾಕೆ? ಒಳ್ಳೆಯ ಹಾಡು ನಾಲ್ಕನ್ನು ಆರಿಸಿ ಕೇಳಿದರೆ ಆಗದೇ?

ಆಗುತ್ತದೆ, ಆದರೆ ಅದು ಬೇರೆ ಬಗೆಯ ಸಂಜೆ. ಆಲ್ಬಂ ಮಾಡಿದವರು ಹಾಡುಗಳ ಸರದಿಯನ್ನು ತಲೆ ಕೆಡಿಸಿಕೊಂಡು ಜೋಡಿಸಿರುತ್ತಾರೆ. ಆ ಜೋಡಣೆಯೂ ಕೃತಿಯ ಭಾಗವೇ.

ಇದರ ಹಿಂದೆ ರೆಕಾರ್ಡಿನ ತಾಂತ್ರಿಕ ಇತಿಹಾಸ ಇದೆ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. 12 ಇಂಚಿನ ಪ್ಲೇಟು, ನಿಮಿಷಕ್ಕೆ 33⅓ ಸುತ್ತು, ಒಂದು ಬದಿಗೆ ಸುಮಾರು 22 ನಿಮಿಷ. ಅದಕ್ಕೆ ಮುಂಚಿನ 78 ಸುತ್ತಿನ ಪ್ಲೇಟುಗಳಲ್ಲಿ ಬದಿಗೆ ಮೂರು ನಾಲ್ಕು ನಿಮಿಷ ಹಿಡಿದರೆ ಹೆಚ್ಚು. ಒಮ್ಮೆಗೇ 20 ನಿಮಿಷ ಕೈಗೆ ಸಿಕ್ಕಾಗ ಸಂಗೀತಗಾರರು ಬಿಡಿ ಹಾಡುಗಳಾಚೆಗೆ ಯೋಚಿಸಲು ಶುರು ಮಾಡಿದರು. ಎರಡು ಬದಿ ಎಂದರೆ ಎರಡು ಆರಂಭ, ಎರಡು ಮುಕ್ತಾಯ. ಪ್ಲೇಟಿನ ಹೊರಗಿನ ಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿದರೆ, ಒಳಗಿನ ಸುತ್ತಿಗೆ ಬರುವಷ್ಟರಲ್ಲಿ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಒಳಸುತ್ತಿನಲ್ಲಿ ಜೋರಾದ, ಮಿರುಗುವ ನಾದ ಒರಟಾಗಿ ಕೇಳಿಸುತ್ತದೆ. ಬದಿಯ ಕೊನೆಗೆ ಮೆಲುದನಿಯ ಹಾಡು ಇಡುವ ರೂಢಿಗೆ ಇದೂ ಒಂದು ಕಾರಣ.

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಕೇಳಿ ನೋಡಿ. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಮೊದಲ ಬದಿಯ ಕೊನೆಯಲ್ಲಿ, ಸಾವಿನ ಕುರಿತ ಹಾಡಿನಲ್ಲಿ, ಕ್ಲೇರ್ ಟೋರಿಯ ಪದವಿಲ್ಲದ ಗಾಯನ ಏರಿ, ಇಳಿದು, ದಣಿದು ನಿಲ್ಲುತ್ತದೆ. ಎರಡನೇ ಬದಿಯ ಮೊದಲಿಗೇ ಕ್ಯಾಶ್ ರಿಜಿಸ್ಟರಿನ ಖಣಖಣ. ಸಾವಿನ ಪಕ್ಕಕ್ಕೇ ದುಡ್ಡು. ನಡುವೆ ಎದ್ದು ಹೋಗಿ ಪ್ಲೇಟು ಮಗುಚಬೇಕಿತ್ತು, ಅಷ್ಟು ಹೊತ್ತಿನ ಮೌನವೂ ಅಲ್ಲಿ ಸೇರಿತ್ತು. ಆ ಎರಡು ಹಾಡನ್ನು ಬಿಡಿಬಿಡಿಯಾಗಿ ಎಷ್ಟು ಸಲ ಕೇಳಿದರೂ ಈ ಹೊಡೆತ ಸಿಗುವುದಿಲ್ಲ.

ಯಾವುದು ಕ್ಲಾಸಿಕ್ ಅಂತ ಯಾರು ತೀರ್ಮಾನಿಸುವುದು?

ನಿಮ್ಮ ಗುಂಪೇ. ಪತ್ರಿಕೆಗಳ ಪಟ್ಟಿ ಹುಡುಕಾಟಕ್ಕೆ ಸಹಾಯ ಮಾಡುತ್ತದೆ, ತೀರ್ಪಿಗೆ ಅಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಆಲ್ಬಂಗಳ ಪಟ್ಟಿಯಲ್ಲಿ 2003ರಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಹೊಸದಾಗಿ ಮತ ಹಾಕಿಸಿದಾಗ ಆ ಜಾಗಕ್ಕೆ ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಬಂತು. ಎರಡೂ ಆಲ್ಬಂ ಹಿಂದಿನಂತೆಯೇ ಇದ್ದವು, ಮತ ಹಾಕಿದವರು ಬದಲಾಗಿದ್ದರು.

ನಾನು ನೋಡುವುದು ಎರಡೇ. ಬಂದು ಬಹಳ ಕಾಲವಾದ ಮೇಲೂ ಜನ ಅದನ್ನು ಕೇಳುತ್ತಿದ್ದಾರಾ? ಮೂರನೇ ಸಲ ಕೇಳಿದಾಗಲೂ ಅದರಲ್ಲಿ ಹೊಸದಾಗಿ ಮಾತಾಡಲು ಏನಾದರೂ ಸಿಗುತ್ತದಾ?

ಮೊದಲ ಸಲಕ್ಕೆ ಯಾವ ಆಲ್ಬಂ ಒಳ್ಳೆಯದು?

45 ನಿಮಿಷ ಮೀರದ್ದು. ಗುಂಪಿನಲ್ಲಿ ಒಬ್ಬರಿಗಾದರೂ ಚೆನ್ನಾಗಿ ಗೊತ್ತಿರುವುದು, ಒಬ್ಬರಿಗಾದರೂ ಪೂರಾ ಹೊಸದು. ನನ್ನ ಆಯ್ಕೆ 1967ರ 'ಕಾಲ್ ಆಫ್ ದ ವ್ಯಾಲಿ'. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರ್. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ ಎಂಬುದು ಅದರ ಕಲ್ಪನೆ. ಬೆಳಗಿನ ಅಹೀರ್ ಭೈರವ್‌ನಿಂದ ಹೊರಟು ಪೀಲೂ, ಭೂಪ್, ದೇಸ್ ದಾಟಿ ಪಹಾಡಿಯಲ್ಲಿ ನಿಲ್ಲುತ್ತದೆ. ಶಾಸ್ತ್ರೀಯ ಸಂಗೀತದ ಅಭ್ಯಾಸ ಇದ್ದವರಿಗೆ ರಾಗಗಳ ಬಗ್ಗೆ ಹೇಳುವುದಿರುತ್ತದೆ, ಇಲ್ಲದವರಿಗೆ ಹೊತ್ತು ಏರಿ ಇಳಿಯುವುದು ಕೇಳಿಸುತ್ತದೆ. ಇಬ್ಬರಿಗೂ ಮಾತಿಗೆ ಸಮನಾದ ಜಾಗ ಸಿಗುವ ಇಂಥ ಆಲ್ಬಂಗಳು ಬಹಳ ಇಲ್ಲ.

ಎರಡು ಪ್ಲೇಟಿನ ಡಬಲ್ ಆಲ್ಬಂಗಳನ್ನು ಗುಂಪು ಪಳಗಿದ ಮೇಲೆ ಇಟ್ಟುಕೊಳ್ಳಿ.

ಎಷ್ಟು ಜನ ಇರಬೇಕು?

ನಾಲ್ಕರಿಂದ ಆರು. ಇಬ್ಬರಾದರೂ ನಡೆಯುತ್ತದೆ. ಎಂಟು ದಾಟಿದರೆ ಮೆಲುದನಿಯವರು ಮಾತಾಡುವುದೇ ಇಲ್ಲ.

ಹಾಡು ನಡೆಯುವಾಗ ಮಾತಾಡಬಹುದೇ?

ಬೇಡ. ಈ ಒಂದು ವಿಷಯದಲ್ಲಿ ಬಿಗಿಯಾಗಿರಿ. "ಈಗ ಬರುತ್ತೆ ನೋಡು" ಎಂದು ಮೊಣಕೈಯಲ್ಲಿ ತಿವಿಯುವುದೂ ಬೇಡ. ಅದು ಪ್ರೀತಿಯಿಂದ ಮಾಡುವಂಥದ್ದೇ, ಆದರೆ ಮೊದಲ ಸಲ ಕೇಳುವವರು ತಾವಾಗಿ ಕಂಡುಕೊಳ್ಳಬೇಕಿದ್ದ ಒಂದು ಕ್ಷಣವನ್ನು ಕಿತ್ತುಕೊಳ್ಳುತ್ತದೆ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಹಾಡು ಹೊರಡುವುದೂ ಫೋನಿನಿಂದಲೇ ಆದರೆ ಪರದೆ ಕೆಳಗೆ ಮಾಡಿ ಇಡಿ, ಕರೆ ಬಾರದಂತೆ ಮಾಡಿ. ಹೊಳೆದದ್ದನ್ನು ಮರೆಯುತ್ತೇನೆ ಎನಿಸಿದರೆ ಕೈಯಲ್ಲೊಂದು ಕಾಗದ ಇರಲಿ, ಒಂದೆರಡು ಪದ ಗೀಚಿಕೊಂಡರೆ ಸಾಕು. ಎಲ್‌ಪಿ ಕಾಲದ ಆಲ್ಬಂ ಆದರೆ ಬದಿ ಮುಗಿದ ಕಡೆ ಎರಡು ನಿಮಿಷ ನಿಲ್ಲಿಸಿ, ಎದ್ದು ಮೈ ಮುರಿಯಿರಿ. ಆಗಲೂ ಮಾತು ಶುರು ಮಾಡದಿದ್ದರೆ ಒಳ್ಳೆಯದು.

ಮುಗಿದ ಮೇಲೆ ಮಾತು ಎಲ್ಲಿಂದ ಶುರು ಮಾಡಬೇಕು?

"ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಏನು ಕೇಳಿಸಿತು?" ಎಂದು ಕೇಳಿ. ಸುತ್ತಲೂ ಒಬ್ಬೊಬ್ಬರು ತಮ್ಮ ಕಿವಿಗೆ ಬಿದ್ದ ಒಂದೇ ಒಂದು ಕ್ಷಣವನ್ನು ಹೇಳಲಿ. ಯಾವ ಹಾಡು, ಸುಮಾರು ಎಲ್ಲಿ, ಏನಾಯಿತು. ಅಭಿಪ್ರಾಯ ಆಮೇಲೆ.

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' (1959) ತೆಗೆದುಕೊಳ್ಳಿ. ಮೊದಲ ಟ್ರ್ಯಾಕಿನಲ್ಲಿ ಪಿಯಾನೋ ಮತ್ತು ಬೇಸ್ ಎಂಬ ತಗ್ಗು ದನಿಯ ತಂತಿವಾದ್ಯ ತಾಳವೇ ಇಲ್ಲದಂತೆ ತಡಕಾಡುತ್ತ ಬರುತ್ತವೆ. ಆಮೇಲೆ ಬೇಸ್ ಪ್ರಶ್ನೆ ಕೇಳಿದ ಹಾಗೆ ಒಂದು ಸಾಲು ನುಡಿಸುತ್ತದೆ, ಪಿಯಾನೋ ಮತ್ತು ಊದುವಾದ್ಯಗಳು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತವೆ. ಡೇವಿಸ್‌ನ ಟ್ರಂಪೆಟ್ ಒಂಟಿಯಾಗಿ ಹೊರಡುವ ಹೊತ್ತಿಗೆ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಏಟು ಹಾಕುತ್ತಾನೆ. ಅದು ಬಹಳ ಹೊತ್ತು ಗುಂಯ್ ಎನ್ನುತ್ತಲೇ ಇರುತ್ತದೆ, ಅದರ ಮೇಲೇ ಟ್ರಂಪೆಟ್ ನಡೆಯುತ್ತದೆ. ಗುಂಪಿನಲ್ಲಿ ಒಬ್ಬರು "ಆ ಏಟು ಸ್ವಲ್ಪ ಜೋರಾಯಿತು" ಅನ್ನಬಹುದು, ಇನ್ನೊಬ್ಬರು "ಬಾಗಿಲು ತೆಗೆದದ್ದೇ ಅದು" ಅನ್ನಬಹುದು. ಆಗ ಆ ಅರ್ಧ ನಿಮಿಷವನ್ನು ಮತ್ತೆ ಹಾಕಿ, ಎಲ್ಲರೂ ಕೇಳಿ. ಹಾಕಿ ನೋಡಬಹುದಾದ ವಿಷಯಕ್ಕೆ ವಾದ ಬೇಕಾಗುವುದಿಲ್ಲ. ಮಾತು ಎಲ್ಲಿ ಸಿಕ್ಕಿಕೊಂಡರೂ ಆ ಜಾಗಕ್ಕೆ ಹಿಂದಿರುಗಿ ಕೇಳುವುದು ನಮ್ಮ ಗುಂಪಿನ ಅತ್ಯಂತ ಫಲ ಕೊಟ್ಟ ರೂಢಿ.

ಮುಂದಿನ ಸುತ್ತಿಗೆ ಬೇರೆ ಪ್ರಶ್ನೆಗಳಿವೆ. ಒಂದು ಹಾಡನ್ನು ತೆಗೆದರೆ ಆಲ್ಬಂ ಏನಾಗುತ್ತದೆ? ಕೊನೆಯ ಹಾಡು ಕೊನೆಗೇ ಯಾಕಿದೆ? ಎಲ್ಲಿ ಗಮನ ಜಾರಿತು? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ಬಹಳ ಪ್ರಾಮಾಣಿಕವಾಗಿರುತ್ತವೆ. ಮೂರು ಜನರ ಗಮನ ಒಂದೇ ಕಡೆ ಜಾರಿದ್ದರೆ ಅಲ್ಲಿ ಏನೋ ಇದೆ ಎಂದು ಹುಡುಕಬಹುದು.

ನನಗೆ ಸಂಗೀತದ ಪಾಠ ಆಗಿಲ್ಲ. ಬರಬಹುದೇ?

ಖಂಡಿತ ಬನ್ನಿ. ಶ್ರುತಿ, ತಾಳ, ಕಾರ್ಡ್ ಇವುಗಳ ಹೆಸರು ಗೊತ್ತಿರಬೇಕಾಗಿಲ್ಲ. "ಇಲ್ಲಿ ಇದ್ದಕ್ಕಿದ್ದಂತೆ ಕೋಣೆ ದೊಡ್ಡದಾದ ಹಾಗಾಯಿತು" ಎಂದು ಯಾರಾದರೂ ಹೇಳಿದರೆ, ತಿಳಿದವರು "ಅಲ್ಲಿ ಡ್ರಮ್ಸ್ ನಿಂತು ದನಿಗೆ ಪ್ರತಿಧ್ವನಿ ಸೇರಿತು" ಎಂದು ಕಾರಣ ಹುಡುಕಿ ಕೊಡುತ್ತಾರೆ. ಇಬ್ಬರೂ ಬೇಕು. ತಿಳಿದವರಿಗೆ ನನ್ನದೊಂದು ಕೋರಿಕೆ: ಪಾರಿಭಾಷಿಕ ಪದ ಬಳಸಿದರೆ ಆ ಜಾಗ ಹಾಕಿ ಕೇಳಿಸಿ.

ನನಗೆ ಇಷ್ಟವಾಗಲಿಲ್ಲ ಅಂತ ಹೇಳಬಹುದೇ?

ಹೇಳಲೇಬೇಕು. ಎಲ್ಲರೂ ಹೊಗಳುವ ಆಲ್ಬಂ ಒಬ್ಬರಿಗೆ ಹಿಡಿಸದಿದ್ದರೆ ಆ ಸಂಜೆ ಇನ್ನೂ ಚೆನ್ನಾಗಿರುತ್ತದೆ. ಯಾಕೆಂದರೆ ಹೊಗಳುವವರು ಆಗ ಕಾರಣ ಕೊಡಬೇಕಾಗುತ್ತದೆ. ಷರತ್ತು ಒಂದೇ: ಎಲ್ಲಿ, ಯಾಕೆ ಎಂದು ತೋರಿಸಿ. "ಬೋರು" ಎಂದರೆ ಯಾರಿಗೂ ಏನೂ ಸಿಗುವುದಿಲ್ಲ. "ನಾಲ್ಕು ಹಾಡು ಒಂದೇ ನಡೆಯಲ್ಲಿವೆ, ಐದನೆಯದಕ್ಕೆ ನನ್ನ ಕಿವಿ ಕೈಕೊಟ್ಟಿತು" ಎಂದರೆ ಎಲ್ಲರಿಗೂ ಸಿಗುತ್ತದೆ. ಆಲ್ಬಂ ಆರಿಸಿದವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಹೇಳುವವರು ಆರಿಸಿದವರ ರುಚಿಯ ಮೇಲೆ ಹೋಗಬಾರದು.

ಆಲ್ಬಂ ಬಗ್ಗೆ ಮೊದಲೇ ಓದಿಕೊಂಡು ಬರಬೇಕೇ?

ಆರಿಸಿದ ಒಬ್ಬರು ಓದಿಕೊಂಡರೆ ಸಾಕು, ಅವರೂ ಅದನ್ನು ಕೇಳಿ ಮುಗಿದ ಮೇಲೆ ಹೇಳಲಿ. ಮೊದಲೇ ಕತೆ ಹೇಳಿಬಿಟ್ಟರೆ ಎಲ್ಲರ ಕಿವಿಯೂ ಕತೆಯನ್ನೇ ಹುಡುಕುತ್ತದೆ. ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಕಲೋನ್ ನಗರದಲ್ಲಿ ನುಡಿಸಿದ ಪಿಯಾನೋ ಕಛೇರಿ ಇದಕ್ಕೆ ಒಳ್ಳೆಯ ಉದಾಹರಣೆ. ವೇದಿಕೆಗೆ ಬಂದದ್ದು ಅವನು ಬೇಕೆಂದಿದ್ದ ಪಿಯಾನೋ ಅಲ್ಲ, ಚಿಕ್ಕದು, ಸ್ಥಿತಿಯೂ ಸರಿಯಿರಲಿಲ್ಲ. ಹಾಗಾಗಿ ಅವನು ಹೆಚ್ಚಾಗಿ ನಡುವಿನ ಮನೆಗಳಲ್ಲೇ ನುಡಿಸಿದ, ಎಡಗೈಯಲ್ಲಿ ಒಂದೇ ನಡೆಯನ್ನು ಬಿಡದೆ ಹಿಡಿದ. ಇದನ್ನು ತಿಳಿಯದೆ ಕೇಳಿದವರು "ಎಡಗೈ ಯಾಕೆ ಹೀಗೆ ಸುತ್ತುತ್ತಲೇ ಇದೆ?" ಎಂದು ತಾವೇ ಕೇಳುತ್ತಾರೆ. ಉತ್ತರ ಆಗ ಸಿಕ್ಕರೆ ಮನಸ್ಸಿನಲ್ಲಿ ಉಳಿಯುತ್ತದೆ.

ಇದಕ್ಕೆ ವಿನಾಯಿತಿಯೂ ಉಂಟು. ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' 1964ರ ಡಿಸೆಂಬರ್ 9ರಂದು ಒಂದೇ ದಿನದಲ್ಲಿ ಮುದ್ರಣವಾದ, ನಾಲ್ಕು ಭಾಗಗಳ, ಸುಮಾರು 33 ನಿಮಿಷದ ಕೃತಿ. ಕೊನೆಯ ಭಾಗದಲ್ಲಿ ಅವನು ಸ್ಯಾಕ್ಸೋಫೋನಿನಲ್ಲಿ ನುಡಿಸುವುದು ತಾನೇ ಬರೆದ ಪ್ರಾರ್ಥನೆಯ ಪದ್ಯವನ್ನು. ಆ ಪದ್ಯ ಆಲ್ಬಮಿನ ಹೊದಿಕೆಯಲ್ಲಿ ಅಚ್ಚಾಗಿದೆ. ಮೊದಲು ಸುಮ್ಮನೆ ಕೇಳಿ. ಆಮೇಲೆ ಪದ್ಯವನ್ನು ಕೈಯಲ್ಲಿ ಹಿಡಿದು ಆ ಭಾಗವೊಂದನ್ನೇ ಮತ್ತೆ ಹಾಕಿ, ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಿ. ಪದ ಪದವೂ ವಾದ್ಯದ ಉಸಿರಿನಲ್ಲಿ ಹೊರಡುವುದು ಕೇಳಿಸುತ್ತದೆ. ಗುಂಪಿನಲ್ಲಿ ಮಾಡಬಹುದಾದ ಕೆಲಸಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ.

ಎಲ್‌ಪಿ ಬೇಕೇ ಬೇಕಾ, ಸ್ಟ್ರೀಮಿಂಗ್ ಸಾಕಾ?

ಸ್ಟ್ರೀಮಿಂಗ್ ಧಾರಾಳ ಸಾಕು. ಆದರೆ ಆ್ಯಪಿನಲ್ಲಿ ನಾಲ್ಕು ವಿಷಯ ನೋಡಿಕೊಳ್ಳಿ. ಹಾಡುಗಳ ಸರದಿ ಕಲಸುವ ಶಫಲ್ ಆಫ್ ಇರಲಿ. (2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಂ ಪುಟದ ಮುಖ್ಯ ಬಟನ್ನಿನಿಂದ ಶಫಲ್ ತೆಗೆಯಿತು. ಹಾಡುಗಳ ಸರದಿಗೆ ಬೆಲೆ ಇದೆ ಎಂದು ಒಬ್ಬ ಕಲಾವಿದೆ ವಾದಿಸಿ ಗೆದ್ದದ್ದು ನನಗೆ ಬಹಳ ಸಂತೋಷ ತಂದಿತ್ತು.) ಕ್ರಾಸ್‌ಫೇಡ್ ಸೊನ್ನೆಯಲ್ಲಿರಲಿ, ಇಲ್ಲವಾದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ತಗಲುತ್ತದೆ. ಹಾಡುಗಳ ನಡುವೆ ಬಿಡುವು ಬಾರದಂತೆ ಮಾಡುವ ಗ್ಯಾಪ್‌ಲೆಸ್ ಆನ್ ಇರಲಿ, ಹಾಡಿಗೆ ಹಾಡು ಹೊಲಿದ ಆಲ್ಬಂಗಳಿಗೆ ಅದು ಅಗತ್ಯ. ಆಲ್ಬಂ ಮುಗಿದ ಕೂಡಲೇ ತಾನಾಗಿ ಬೇರೆ ಹಾಡು ಶುರುವಾಗುವ ಆಟೋಪ್ಲೇ ನಿಲ್ಲಿಸಿ. ಕೊನೆಯ ಸ್ವರ ಆರಿದ ಮೇಲಿನ ಮೌನ ಕೆಡಬಾರದು.

ಒಂದೇ ಆಲ್ಬಮಿಗೆ ಐದಾರು ಆವೃತ್ತಿ ಇವೆಯಲ್ಲ, ಯಾವುದು ಹಾಕಬೇಕು?

ಡಿಲಕ್ಸ್ ಆವೃತ್ತಿಗಳಲ್ಲಿ ಕೊನೆಗೆ ಹೆಚ್ಚುವರಿ ಟೇಕುಗಳನ್ನು, ಅಂದರೆ ಅದೇ ಹಾಡಿನ ಬೇರೆ ಮುದ್ರಣಗಳನ್ನು, ಸೇರಿಸಿರುತ್ತಾರೆ. ಮೂಲ ಆಲ್ಬಂ ಎಲ್ಲಿ ಮುಗಿಯಿತೋ ಅಲ್ಲಿಗೆ ನಿಲ್ಲಿಸಿ. 'ಕೈಂಡ್ ಆಫ್ ಬ್ಲೂ' ಐದು ಟ್ರ್ಯಾಕಿನದು. ಆರನೆಯದು ಕಂಡರೆ ಅದು ಆಮೇಲೆ ಸೇರಿದ್ದು.

ಅದೇ ಆಲ್ಬಮಿನ ಇನ್ನೊಂದು ಸಂಗತಿ. 1959ರ ಮಾರ್ಚ್ 2ರಂದು ಮೊದಲ ಮೂರು ಟ್ರ್ಯಾಕ್ ಮುದ್ರಿಸುವಾಗ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ತುಸು ಏರಿ ಕೇಳಿಸುತ್ತಿತ್ತು. 1992ರ ಮರುಬಿಡುಗಡೆಯಲ್ಲಿ ಅದನ್ನು ತಿದ್ದಿದರು. ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಜನ ಪ್ರೀತಿಸಿದ್ದು ಶ್ರುತಿ ಏರಿದ ರೂಪವನ್ನೇ.

ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ದನಿ), ಸ್ಟೀರಿಯೋ (ಎಡಕ್ಕೆ ಬಲಕ್ಕೆ ಬೇರೆ ಬೇರೆ ದನಿ) ಎರಡೂ ಸಿಗುವ 1960ರ ದಶಕದ ಆಲ್ಬಂ ಆದರೆ ಮೋನೋ ಒಮ್ಮೆಯಾದರೂ ಹಾಕಿ. ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' (1966) ಮಾಡಿದ ಬ್ರಯನ್ ವಿಲ್ಸನ್‌ಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಅವನು ದನಿಗಳನ್ನೆಲ್ಲ ಬೆರೆಸಿ ಮಿಕ್ಸ್ ಮಾಡಿದ್ದು ಮೋನೋದಲ್ಲೇ. 'ಸಾರ್ಜೆಂಟ್ ಪೆಪ್ಪರ್' (1967) ಸಮಯದಲ್ಲೂ ಬೀಟಲ್ಸ್ ಹೆಚ್ಚು ಶ್ರಮ ಹಾಕಿದ್ದು ಮೋನೋ ಮಿಕ್ಸಿಗೆ. ಅದರಲ್ಲಿ ಮನೆ ಬಿಟ್ಟು ಹೋಗುವ ಹುಡುಗಿಯ ಹಾಡು ಮೋನೋದಲ್ಲಿ ಚುರುಕಾಗಿದೆ, ಶ್ರುತಿಯೂ ಮೇಲಿದೆ. ಸ್ಟೀರಿಯೋದಲ್ಲಿ ನಿಧಾನ, ಭಾರ. ಎರಡನ್ನೂ ಹಾಕಿ ಹುಡುಗಿಯ ವಯಸ್ಸು ಎಷ್ಟೆನಿಸುತ್ತದೆ ಎಂದು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ.

ಹೋಲಿಸುವಾಗ ಒಂದು ಎಚ್ಚರಿಕೆ: ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದು ಚೂರು ಜೋರಾಗಿರುವುದು ಯಾವಾಗಲೂ ಹೆಚ್ಚು ಚೆನ್ನಾಗಿದೆ ಎಂದೇ ಕಿವಿಗೆ ಅನಿಸುತ್ತದೆ.

ಒಂದೇ ಕೃತಿಯ ಎರಡು ಧ್ವನಿಮುದ್ರಣಗಳನ್ನು ಒಂದೇ ಸಂಜೆ ಕೇಳಬಹುದೇ?

ಅದಕ್ಕೆ ಹೇಳಿ ಮಾಡಿಸಿದ ಜೋಡಿ ಒಂದಿದೆ. ಬಾಕ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಕೃತಿಯನ್ನು ಗ್ಲೆನ್ ಗೌಲ್ಡ್ ಪಿಯಾನೋದಲ್ಲಿ 1955ರಲ್ಲಿ, 22 ವರ್ಷದವನಿದ್ದಾಗ ನುಡಿಸಿದ್ದು ಸುಮಾರು 38 ನಿಮಿಷ. 1981ರಲ್ಲಿ ಮತ್ತೆ ನುಡಿಸಿದ್ದು ಸುಮಾರು 51 ನಿಮಿಷ. ಅದೇ ಸ್ವರ, ಅದೇ ಕೈ, ನ್ಯೂಯಾರ್ಕಿನ ಅದೇ 30ನೇ ಬೀದಿಯ ಸ್ಟುಡಿಯೋ. ಮೊದಲಿಗೆ ಬರುವ ಆರಿಯಾ ಎಂಬ ಭಾಗವನ್ನಷ್ಟೇ ಎರಡರಲ್ಲೂ ಹಾಕಿ ಕೇಳಿ, ಎರಡನೆಯದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಅವನಿಗೆ ಯಾವ ಅವಸರವೂ ಇಲ್ಲ. ಹಿನ್ನೆಲೆಯಲ್ಲಿ ಅವನು ಗುನುಗುವುದೂ ಕೇಳಿಸುತ್ತದೆ. ಯಾವುದು ಮೇಲು ಎಂದು ನಮ್ಮಲ್ಲಿ ಈವರೆಗೆ ಒಮ್ಮತ ಬಂದಿಲ್ಲ. ನನಗೆ 1981ರದ್ದೇ.

ಸ್ಪೀಕರ್ ಎಲ್ಲಿಡಬೇಕು, ಎಷ್ಟು ಜೋರಾಗಿಡಬೇಕು?

ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನದ ಮೂರು ಮೂಲೆಯಲ್ಲಿದ್ದರೆ ಸ್ಟೀರಿಯೋ ಸರಿಯಾಗಿ ಕೇಳಿಸುತ್ತದೆ. ಗುಂಪಿನಲ್ಲಿ ಎಲ್ಲರಿಗೂ ಆ ಜಾಗ ಸಿಗದು, ಬದಿ ಬದಲಾಯಿಸುವಾಗ ಕೂರುವ ಜಾಗವನ್ನೂ ಬದಲಾಯಿಸಿಕೊಳ್ಳಿ. ಸ್ಪೀಕರನ್ನು ಮೂಲೆಗೆ ಒತ್ತಿ ಇಟ್ಟರೆ ಬೇಸ್, ಅಂದರೆ ತಗ್ಗು ದನಿ, ಗೊಮ್ಮೆನ್ನುತ್ತದೆ, ಗೋಡೆಯಿಂದ ಒಂದಷ್ಟು ಮುಂದಕ್ಕೆ ತನ್ನಿ. ತೀರಾ ಮೆಲ್ಲಗೆ ಇಟ್ಟರೆ ಬೇಸ್ ಮಾಯವಾಗುತ್ತದೆ. ಸಣ್ಣ ದನಿಯಲ್ಲಿ ತಗ್ಗು ಸ್ವರಗಳಿಗೆ ಕಿವಿ ಮಂದವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಂತ ಕಿವಿ ಕೆಡಿಸಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪಕ್ಕದವರಿಗೆ ಏನಾದರೂ ಹೇಳಲು ಕೂಗಬೇಕಾಗಿ ಬಂದರೆ ಅದು ಹೆಚ್ಚಾಯಿತು.

ಗೆಳೆಯರು ದೂರದ ಊರುಗಳಲ್ಲಿದ್ದಾರೆ. ಆಗುತ್ತದೆಯೇ?

ಆಗುತ್ತದೆ. ವಿಡಿಯೋ ಕಾಲ್ ಮೂಲಕ ಸಂಗೀತ ಕಳಿಸಲು ಹೋಗಬೇಡಿ. ಆ ಆ್ಯಪುಗಳು ಮಾತಿನ ದನಿಗಾಗಿ ಮಾಡಿದವು, ಸಂಗೀತವನ್ನು ಗದ್ದಲ ಎಂದು ಅಳಿಸಲು ನೋಡುತ್ತವೆ. ಎಲ್ಲರೂ ತಮ್ಮ ತಮ್ಮಲ್ಲಿ ಒಂದೇ ಆವೃತ್ತಿ ಸಿದ್ಧ ಮಾಡಿಕೊಂಡು, ಮೂರು ಎಣಿಸಿ ಒಟ್ಟಿಗೇ ಶುರು ಮಾಡಿ, ಮೈಕು ಮುಚ್ಚಿ ಕೇಳಿ, ಮುಗಿದ ಮೇಲೆ ಕಾಲ್‌ಗೆ ಮರಳಿ. ಒಂದೆರಡು ಸೆಕೆಂಡಿನ ಹಿಂದುಮುಂದು ಯಾರಿಗೂ ತಿಳಿಯುವುದಿಲ್ಲ.

ಭಾಷೆ ಗೊತ್ತಿಲ್ಲದ ಆಲ್ಬಂ ಆದರೆ?

ಮೊದಲು ಅರ್ಥ ಹುಡುಕದೆ ಕೇಳಿ. 1996ರಲ್ಲಿ ಕ್ಯೂಬಾದ ಹವಾನಾದಲ್ಲಿ ಮುದ್ರಣವಾಗಿ ಮರುವರ್ಷ ಬಂದ 'ಬ್ಯೂನ ವಿಸ್ಟಾ ಸೋಶಿಯಲ್ ಕ್ಲಬ್'ನಲ್ಲಿ ಹಾಡಿದವರು, ನುಡಿಸಿದವರು ಹಲವರು ವಯೋವೃದ್ಧರು. ಸ್ಪ್ಯಾನಿಷ್ ಬಾರದವರಿಗೂ ಆ ಗಂಟಲಿನ ವಯಸ್ಸು, ಆ ನಡಿಗೆಯ ಸಾವಧಾನ ತಲುಪುತ್ತದೆ. ಆಮೇಲೆ ಸಾಹಿತ್ಯದ ಅರ್ಥ ತಿಳಿದು ಅದೇ ಹಾಡು ಮತ್ತೆ ಹಾಕಿ.

ಒಬ್ಬರೇ ಮಾತಾಡುತ್ತಿರುತ್ತಾರೆ, ಏನು ಮಾಡುವುದು?

ಆಲ್ಬಂ ಆರಿಸಿದವರು ಕೊನೆಗೆ ಮಾತಾಡಲಿ, ಹೊಸಬರು ಮೊದಲು ಮಾತಾಡಲಿ. ಈ ಕ್ರಮ ಇಟ್ಟುಕೊಂಡರೆ ತೊಂದರೆ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ.

ಮುಂದಿನ ಆಲ್ಬಂ ಯಾರು ಆರಿಸುವುದು?

ಸರದಿಯಂತೆ ಒಬ್ಬೊಬ್ಬರು. ಮತಕ್ಕೆ ಹಾಕಬೇಡಿ. ಮತಕ್ಕೆ ಹಾಕಿದರೆ ಎಲ್ಲರಿಗೂ ಗೊತ್ತಿರುವುದೇ ಗೆಲ್ಲುತ್ತದೆ. ಒಬ್ಬರಿಗೆ ಪ್ರಾಣವಾಗಿರುವ, ಉಳಿದವರು ಹೆಸರೂ ಕೇಳಿರದ ಆಲ್ಬಂ ಬರುವುದು ಸರದಿಯಿಂದ ಮಾತ್ರ. ತಿಂಗಳಿಗೊಮ್ಮೆ ಸೇರಿದರೆ ಹದವಾಗಿರುತ್ತದೆ, ನಡುವೆ ಆಲ್ಬಮನ್ನು ಮನೆಯಲ್ಲಿ ಮತ್ತೆ ಕೇಳಲು ಸಮಯ ಸಿಗುತ್ತದೆ.

ಒಮ್ಮೆ ಕೇಳಿದ್ದನ್ನು ಮತ್ತೆ ಆರಿಸಬಹುದೇ?

ಆರಿಸಬಹುದು, ಒಂದು ವರ್ಷವಾದರೂ ಕಳೆದಿರಲಿ. ಹಿಂದಿನ ಸಲ ಕೇಳುವಾಗ ಗೀಚಿಕೊಂಡ ಚೀಟಿಗಳನ್ನು ಇಟ್ಟುಕೊಂಡಿದ್ದರೆ ತನ್ನಿ, ಆದರೆ ಆಲ್ಬಂ ಮುಗಿಯುವವರೆಗೆ ಮಡಿಸಿಯೇ ಇರಲಿ.